ಹೋಮ್ ಲೋನ್ ವ್ಯಾಲ್ಯುಯೇಷನ್ ಆಗುವ ಮುಂಚೆ ಅಡ್ವಾನ್ಸ್ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ಬರೆಯೋಕೆ ನಾಚಿಕೆ ಆಗ್ತಿದೆ. ಹದಿನೈದು ವರ್ಷ ಅಕೌಂಟ್ಸ್ ಕೆಲಸ ಮಾಡಿದವನು ನಾನು. ಆಫೀಸಿನಲ್ಲಿ ಯಾರಿಗೆ ಸಾಲದ ಲೆಕ್ಕ ಬೇಕಿದ್ದರೂ ನನ್ನ ಹತ್ತಿರವೇ ಬರೋದು. ಅಂಥವನೇ ಟೋಪಿ ಹಾಕಿಸಿಕೊಂಡೆ.

ಮೈಸೂರಿನಲ್ಲಿ ಇಪ್ಪತ್ತು-ಮೂವತ್ತು ಸೈಟಿನ ಮನೆ. ಕೆಳಗೊಂದು, ಮೇಲೊಂದು. 62 ಲಕ್ಷಕ್ಕೆ ಮಾತಾಯಿತು. ಲೋನ್ ಕಂಪನಿಯ ಹುಡುಗ ಮನೆಗೇ ಬಂದು, ಸ್ಯಾಲರಿ ಸ್ಲಿಪ್ ನೋಡಿ, "80 ಪರ್ಸೆಂಟ್ ಗ್ಯಾರಂಟಿ ಸಾರ್, 49 ಲಕ್ಷ 60 ಸಾವಿರ" ಎಂದ. ರಿಸರ್ವ್ ಬ್ಯಾಂಕ್ ನಿಯಮವೂ ಹಾಗೇ ಇದೆ, 30 ಲಕ್ಷ ದಾಟಿ 75 ಲಕ್ಷದವರೆಗಿನ ಸಾಲ ಆದರೆ ಮನೆ ಬೆಲೆಯ 80 ಪರ್ಸೆಂಟ್ ತನಕ ಕೊಡಬಹುದು. ಯಾರು ಕಟ್ಟಿದ ಬೆಲೆಯ 80 ಪರ್ಸೆಂಟ್ ಅಂತ ನಾನು ಕೇಳಲಿಲ್ಲ. ಅಲ್ಲೇ ಎಡವಿದ್ದು. ಅವನ ಮಾತು ನಂಬಿ ಓನರ್‌ಗೆ 6 ಲಕ್ಷ ಅಡ್ವಾನ್ಸ್ ಕೊಟ್ಟು ಮೂರು ತಿಂಗಳ ಅಗ್ರಿಮೆಂಟ್ ಮಾಡಿಕೊಂಡೆ.

ಅರ್ಜಿ ಹಾಕೋಕೆ ಲಾಗಿನ್ ಫೀಸ್ 5,900. ಲೀಗಲ್ (ಕಾಗದಪತ್ರ ನೋಡೋದು), ಟೆಕ್ನಿಕಲ್ (ಮನೆಗೆ ಬೆಲೆ ಕಟ್ಟೋದು) ಅಂತ ಇನ್ನೂ 7,080. ಕಟ್ಟಿದೆ.

ಮನೆಗೆ ಬೆಲೆ ಕಟ್ಟೋಕೆ ಕಂಪನಿ ಕಳಿಸಿದ ವ್ಯಾಲ್ಯುಯರ್ ಬಂದ. ಹೆಲ್ಮೆಟ್ ಕೂಡ ತೆಗೆಯಲಿಲ್ಲ. ಮೊಬೈಲಲ್ಲಿ ಮೂರು ಫೋಟೋ. ಟೇಪ್ ಹಿಡಿಯಲಿಲ್ಲ, ಮೆಟ್ಟಿಲು ಹತ್ತಲಿಲ್ಲ. ಓನರ್ ಮನೆಯವರು ಕಾಫಿ ತರುವಷ್ಟರಲ್ಲಿ ಬೈಕ್ ಸ್ಟಾರ್ಟ್ ಆಗಿತ್ತು.

ಹನ್ನೆರಡು ದಿನ ಸುದ್ದಿ ಇಲ್ಲ. ಆಮೇಲೆ ಫೋನು: "ವ್ಯಾಲ್ಯೂ 51 ಲಕ್ಷ ಬಂದಿದೆ ಸಾರ್. ಲೋನ್ 40 ಲಕ್ಷ 80 ಸಾವಿರ ಆಗುತ್ತೆ."

8 ಲಕ್ಷ 80 ಸಾವಿರ ಕಮ್ಮಿ! ಎಲ್ಲಿಂದ ತರಲಿ?

ರಿಪೋರ್ಟ್ ಕೊಡಿ ಅಂದೆ. "ಅದು ಇಂಟರ್ನಲ್ ಸಾರ್, ಕಸ್ಟಮರ್‌ಗೆ ಕೊಡಲ್ಲ." ದುಡ್ಡು ಕೊಟ್ಟಿದ್ದು ನಾನಲ್ವಾ? "ಫೀಸ್ ನಿಮ್ಮದು ಸಾರ್, ರಿಪೋರ್ಟ್ ಕಂಪನೀದು." ವ್ಯಾಲ್ಯುಯರ್ ನಂಬರ್ ಕೊಡಿ. "ಪಾಲಿಸಿ ಇಲ್ಲ ಸಾರ್."

ಬ್ರಾಂಚಿಗೇ ಹೋದೆ. ಮ್ಯಾನೇಜರ್ ನನ್ನ ಫೈಲ್ ತೆರೆದು ಇನ್ಯಾರದ್ದೋ ಫೋನ್ ತೆಗೆದುಕೊಂಡರು. ಸ್ಕ್ರೀನ್ ಸ್ವಲ್ಪ ನನ್ನ ಕಡೆ ತಿರುಗಿತ್ತು. ಬಗ್ಗಿ ನೋಡಿದೆ. ಫೋಟೋದಲ್ಲಿ ನೀಲಿ ಗೇಟು. ನಾವು ನೋಡಿದ ಮನೆಯದು ಕಪ್ಪು ಗೇಟು! ನೀಲಿ ಗೇಟು ಪಕ್ಕದ ಮನೆಯದು, ಬರೀ ಕೆಳಗಿನ ಮನೆ, ಮೇಲೆ ಶೀಟು. ಕೆಳಗೆ ಬರೆದಿದ್ದು ಗ್ರೌಂಡ್ ಫ್ಲೋರ್ ಮಾತ್ರ. ನನ್ನ ಕೈಕಾಲು ತಣ್ಣಗಾಯಿತು. ಪಕ್ಕದ ಮನೆಗೆ ಬೆಲೆ ಕಟ್ಟಿ ನನ್ನ ಸಾಲ ಕತ್ತರಿಸಿದ್ದಾರೆ!

ಮ್ಯಾನೇಜರ್ ಏನಂದರು ಗೊತ್ತಾ? "ಫೋಟೋ ಹೆಚ್ಚುಕಮ್ಮಿ ಆಗಿರಬಹುದು, ಆದ್ರೆ ಸಿಸ್ಟಮ್‌ನಲ್ಲಿ ಅಪ್ರೂವ್ ಆಗ್ಬಿಟ್ಟಿದೆ. ಮತ್ತೆ ಮಾಡಿಸಬೇಕು ಅಂದ್ರೆ ಮತ್ತೆ ಫೀಸ್." ಅದೂ ಸಾಲದು ಅಂತ, "ಉಳಿದ ದುಡ್ಡಿಗೆ ಪರ್ಸನಲ್ ಲೋನ್ ಮಾಡ್ಕೊಡ್ತೀವಿ, ಎರಡೇ ದಿನ." ನನ್ನ ಮನೆ ಯಾವುದು ಅಂತ ಗೊತ್ತಿಲ್ಲದವರಿಗೆ ಪರ್ಸನಲ್ ಲೋನ್ ಕೊಡೋಕೆ ಎರಡೇ ದಿನ ಸಾಕು!

ಕೊನೆಗೆ ಒಂದು ಸರ್ಕಾರಿ ಬ್ಯಾಂಕಿಗೆ ಹೋದೆ. ಅಲ್ಲಿಂದ ಬಂದವರು ಮುಕ್ಕಾಲು ಗಂಟೆ ಇದ್ದು, ಟೇಪ್ ಹಿಡಿದು ಬಾತ್‌ರೂಮ್ ತನಕ ಅಳೆದರು. ಅದೇ ಮನೆಗೆ ಅರವತ್ತೂವರೆ ಲಕ್ಷ. ಅಷ್ಟರಲ್ಲಿ ಅಗ್ರಿಮೆಂಟ್ ಗಡುವು ಮುಗಿದಿತ್ತು. ಒಂದು ತಿಂಗಳು ಹೆಚ್ಚು ಕೊಡೋಕೆ ಓನರ್ 40,000 ಕೇಳಿದರು. ಅವರನ್ನು ಬೈಯಲ್ಲ, ತಪ್ಪು ಅವರದ್ದಲ್ಲ. ಫೀಸ್ ಸೇರಿಸಿ 52,980 ನನ್ನ ಕೈಬಿಟ್ಟಿತು.

ದಯವಿಟ್ಟು ಬಾಯಿಮಾತಿನ ಪರ್ಸೆಂಟೇಜ್ ನಂಬಬೇಡಿ. ವ್ಯಾಲ್ಯುಯೇಷನ್ ಆಗಿ ಸಾಲ ಮಂಜೂರಾದ ಸ್ಯಾಂಕ್ಷನ್ ಲೆಟರ್ ಬರೋ ತನಕ ದೊಡ್ಡ ಅಡ್ವಾನ್ಸ್ ಬೇಡ. ಕೊಡಲೇಬೇಕಾದರೆ, ಇಷ್ಟು ಲೋನ್ ಆಗದಿದ್ದರೆ ಅಡ್ವಾನ್ಸ್ ವಾಪಸ್ ಅಂತ ಅಗ್ರಿಮೆಂಟಲ್ಲಿ ಬರೆಸಿ. ವ್ಯಾಲ್ಯುಯರ್ ಬಂದಾಗ ಪಕ್ಕದಲ್ಲೇ ನಿಂತಿರಿ, ಮೇಲೆ ಹತ್ತಿಸಿ, ಗೇಟಿನ ಫೋಟೋ ನೀವೂ ತೆಗೆಯಿರಿ. 2024ರ ಅಕ್ಟೋಬರ್‌ನಿಂದ ಸಾಲಕ್ಕೆ ಸಹಿ ಹಾಕುವ ಮುಂಚೆ ಎಲ್ಲ ಫೀಸೂ ಬರೆದಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಬೇಕು, ಅದರಲ್ಲಿ ವ್ಯಾಲ್ಯುಯೇಷನ್ ಫೀಸೂ ಇರಬೇಕು. ನನಗೆ ಅದನ್ನು ತೋರಿಸುವ ಮುಂಚೆಯೇ ದುಡ್ಡು ಕಿತ್ತುಕೊಂಡರು.

ಕಂಪನಿಗೆ ಲಿಖಿತ ದೂರು ಕೊಟ್ಟಿದ್ದೇನೆ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು; ಸಾಲ ಕೊಡೋದು ಹೌಸಿಂಗ್ ಫೈನಾನ್ಸ್ ಕಂಪನಿ ಆದರೆ ಮಾತ್ರ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ಹೋಗಬೇಕು. ಎಷ್ಟು ಸಾಲ ಕೊಡೋದು ಅನ್ನೋದು ಕಂಪನಿಯ ವ್ಯವಹಾರದ ತೀರ್ಮಾನ, ಅದನ್ನು ಒಂಬುಡ್ಸ್‌ಮನ್ ಕೇಳಲ್ಲ. ಹಾಗಾಗಿ ಫೀಸ್ ಮತ್ತು ನೀಲಿ ಗೇಟು, ಇವೆರಡನ್ನೇ ಬರೆದಿದ್ದೇನೆ. ಇವತ್ತಿಗೆ 19 ದಿನ. ದೂರು ಸಿಕ್ಕಿದೆ ಅಂತ ಒಂದು ಮೆಸೇಜ್ ಬಂದಿದೆ, ಅದರಲ್ಲಿ ನನ್ನ ಹೆಸರೂ ತಪ್ಪಾಗಿದೆ.