ಲೆಡ್ ಗ್ರಾಂಟ್ ಮಂಜೂರಾಗುವ ಮುಂಚೆ ಯಾರಿಗೂ ಪೇಂಟ್ ಕೆರೆಯಲು ಬಿಡಬೇಡಿ

ಅಮೆರಿಕದಲ್ಲಿ ಹಳೇ ಮನೆ ತಗೊಂಡಿರುವ ಕನ್ನಡದವರು ಇದನ್ನು ಓದಿ. ಲೆಡ್ ಅಂದರೆ ಸೀಸ, ಮಕ್ಕಳಿಗೆ ವಿಷ. ಹಳೇ ಪೇಂಟಿನ ಸೀಸದ ತೊಂದರೆ ಸರಿಪಡಿಸಲು ಸರ್ಕಾರ ಕೊಡುವ ದುಡ್ಡೇ ಲೆಡ್ ಗ್ರಾಂಟ್. ಅದರಲ್ಲೂ ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ.

ನಾವಿರುವುದು ಒಹಾಯೋದಲ್ಲಿ. ಮನೆ 1920ರ ದಶಕದ್ದು. ಇಲ್ಲಿ ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ನಿಷೇಧವಾಗಿದ್ದು 1978ರಲ್ಲಿ. ಅದಕ್ಕೂ ಹಳೇ ಮನೆಯಾದರೆ ಒಳಗಿನ ಪದರಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮಗಳ ರಕ್ತಪರೀಕ್ಷೆಯಲ್ಲಿ ಸೀಸ 6 ಬಂತು. ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಮುಟ್ಟಿದರೇ ಎಚ್ಚರವಾಗಿ ಅನ್ನುತ್ತದೆ ಸಿಡಿಸಿ, ಅಂದರೆ ಇಲ್ಲಿನ ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ. ನರ್ಸ್ ಫೋನ್ ಮಾಡಿ ಊರಿಂದ ತಂದ ಕಾಡಿಗೆ, ಕುಂಕುಮ, ಅರಿಶಿನದ ಪುಡಿ ಎಲ್ಲಾ ವಿಚಾರಿಸಿದರು. ಕೇಳಬೇಕಾದ್ದೇ, ಅವುಗಳಲ್ಲೂ ಸೀಸ ಸಿಕ್ಕಿದ್ದುಂಟು. ನಮ್ಮಲ್ಲಿ ತೊಂದರೆ ಇದ್ದದ್ದು ಕಿಟಕಿಯಲ್ಲಿ. ಮೇಲೆ ಕೆಳಗೆ ಜಾರುವ ಮರದ ಕಿಟಕಿ. ಎತ್ತಿ ಇಳಿಸಿದಾಗಲೆಲ್ಲ ಪೇಂಟ್ ಉಜ್ಜಿಕೊಂಡು ಪುಡಿ ಉದುರುತ್ತದೆ. ಮಗು ಅಲ್ಲೇ ಕೈಯಿಟ್ಟು ಹೊರಗೆ ನೋಡುತ್ತದೆ, ಅದೇ ಕೈ ಬಾಯಿಗೆ.

ಇದನ್ನು ಸರಿಪಡಿಸಲು ಹಡ್ ಅಂದರೆ ಕೇಂದ್ರದ ವಸತಿ ಇಲಾಖೆ ದುಡ್ಡು ಕೊಡುತ್ತದೆ. ಆದರೆ ಕೊಡುವುದು ರಾಜ್ಯಕ್ಕೆ, ಕೌಂಟಿಗೆ, ನಗರಕ್ಕೆ. ನಾವು ಅರ್ಜಿ ಹಾಕಬೇಕಾದ್ದು ಅವರಿಗೆ. ಆದಾಯಕ್ಕೆ ಮಿತಿ ಇದೆ. ನಮ್ಮದು ಒಂದೇ ಸಂಬಳದ ಸಂಸಾರ, ಮಿತಿಯೊಳಗೇ ಇದ್ದೆವು. ಟ್ಯಾಕ್ಸ್ ರಿಟರ್ನ್, ಮನೆಪತ್ರ, ಮಗಳ ಜನನ ಪ್ರಮಾಣಪತ್ರ, ರಕ್ತದ ರಿಪೋರ್ಟ್ ಎಲ್ಲಾ ಜೋಡಿಸುತ್ತಿದ್ದೆವು.

ಅಷ್ಟರಲ್ಲಿ ಬಂದ ಒಬ್ಬ ಕಾಂಟ್ರಾಕ್ಟರ್. "ಗ್ರಾಂಟ್ ಹೇಗೂ ಆಗುತ್ತೆ. ಕೆಲಸ ಈಗಲೇ ಶುರು ಮಾಡೋಣ, ಆಮೇಲೆ ಬಿಲ್ ಹಾಕಿದರೆ ಸರ್ಕಾರ ವಾಪಸ್ ಕೊಡುತ್ತೆ" ಅಂದ. ಇದು ಶುದ್ಧ ಸುಳ್ಳು. ಅಡ್ವಾನ್ಸ್ ಇಸ್ಕೊಂಡ. ನಮ್ಮನೆಯವರು ಡ್ಯೂಟಿಗೆ ಹೋಗಿದ್ದರು, ನಾನು ಮಗಳನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿದ್ದೆ. ವಾಪಸ್ ಬಂದಾಗ ಎರಡು ಕಿಟಕಿ ಕಿತ್ತಾಗಿತ್ತು, ಮೂರನೆಯದಕ್ಕೆ ಪೇಂಟ್ ಉಜ್ಜಿ ತೆಗೆಯುವ ಸ್ಯಾಂಡರ್ ಮಷೀನ್ ಹಿಡಿದಿದ್ದ. ನೆಲಕ್ಕೆ ಪ್ಲಾಸ್ಟಿಕ್ ಹಾಸಿಲ್ಲ, ಬಾಗಿಲು ಮುಚ್ಚಿಲ್ಲ, ಧೂಳು ಹೀರುವ ಹೆಪಾ ವ್ಯಾಕ್ಯೂಮ್ ಇಲ್ಲ. ಸೋಫಾ, ತೊಟ್ಟಿಲು, ಆಟದ ಸಾಮಾನು, ಎಲ್ಲದರ ಮೇಲೂ ಬಿಳಿ ಪುಡಿ. ಮುಂದಿನ ಪರೀಕ್ಷೆಯಲ್ಲಿ ಮಗಳ ಸೀಸ 9.

ನಗರದ ಕಚೇರಿಯವರು ಮರ್ಯಾದೆಯಿಂದಲೇ ಹೇಳಿದರು: ಮಂಜೂರಾತಿಗೆ ಮುಂಚೆ ಮಾಡಿದ ಕೆಲಸಕ್ಕೆ ಒಂದು ಡಾಲರೂ ಬರಲ್ಲ. ಕೇಂದ್ರದ ದುಡ್ಡು ಅಂದಮೇಲೆ ಮೊದಲು ಪರಿಸರ ಪರಿಶೀಲನೆ, ಲೈಸೆನ್ಸ್ ಇರುವ ರಿಸ್ಕ್ ಅಸೆಸರ್, ಅಂದರೆ ಸೀಸದ ಅಪಾಯ ಪರೀಕ್ಷಿಸುವವರು, ಬಂದು ಅಳತೆ, ಆಮೇಲೆ ಟೆಂಡರ್. ಕಿತ್ತುಹಾಕಿದ ಕಿಟಕಿಯಲ್ಲಿ ಅಳೆಯಲು ಏನಿದೆ? ಅವು ಪಟ್ಟಿಯಿಂದಲೇ ಹೊರಬಿದ್ದವು.

ಆಮೇಲೆ ಗೊತ್ತಾಯಿತು, ಅವನು ತೋರಿಸಿದ ಕಾರ್ಡ್ ಬರೀ ಇನ್ಶೂರೆನ್ಸಿನದು. 1978ಕ್ಕಿಂತ ಹಳೇ ಮನೆಯಲ್ಲಿ, ಒಳಗೆ ಒಂದು ರೂಮಿಗೆ 6 ಚದರ ಅಡಿ, ಹೊರಗೆ 20 ಚದರ ಅಡಿಗಿಂತ ಜಾಸ್ತಿ ಪೇಂಟ್ ಕೆದಕಿದರೆ ಕೇಂದ್ರದ ಪರಿಸರ ಸಂಸ್ಥೆ ಇಪಿಎಯ ಲೆಡ್ ಸೇಫ್ ಸರ್ಟಿಫಿಕೇಟ್ ಕಾಂಟ್ರಾಕ್ಟರಿಗೆ ಕಡ್ಡಾಯ. ಕಿಟಕಿ ಬದಲಾಯಿಸುವುದಕ್ಕಂತೂ ಎಷ್ಟೇ ಚಿಕ್ಕದಿರಲಿ ಬೇಕೇ ಬೇಕು. ಇಪಿಎ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಬಹುದು. ಅವನ ಹೆಸರು ಅಲ್ಲಿ ಇಲ್ಲ.

ದೂರು ಕೊಟ್ಟಿದ್ದೇವೆ. ಅಡ್ವಾನ್ಸ್ ಇನ್ನೂ ಬಂದಿಲ್ಲ. ಉಳಿದ ಕಿಟಕಿಗಳಿಗೆ ಅರ್ಜಿ ನಡೆಯುತ್ತಿದೆ. ಅಲ್ಲಿಯವರೆಗೆ ಸುಮ್ನೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಇರಿ ಅಂದಿದ್ದಾರೆ, ಪೊರಕೆ ಹಾಕಿದರೆ ಪುಡಿ ಏಳುತ್ತೆ. ಮನೆ ಬಾಗಿಲಿಗೆ "ಗ್ರಾಂಟ್ ಕೊಡಿಸ್ತೀವಿ" ಅಂತ ಯಾರಾದರೂ ಬಂದರೆ ಮೊದಲು ಆ ಸರ್ಟಿಫಿಕೇಟ್ ನಂಬರ್ ಕೇಳಿ, ಆಮೇಲೆ ನಗರದ ಕಚೇರಿಗೆ ನೀವೇ ಫೋನ್ ಮಾಡಿ.