ಬೆಂಗಳೂರು–ಮಂಗಳೂರು ವಿಮಾನ: ಟಿಕೆಟ್‌ನಲ್ಲಿ ಒಂದು ಗಂಟೆ, ಮನೆಯಿಂದ ಮನೆಗೆ ಐದು

ಊರಿಗೆ ಹೋಗಿಬರಲು ವರ್ಷಗಳಿಂದ ಹೆಚ್ಚಾಗಿ ಈ ವಿಮಾನವನ್ನೇ ಹಿಡಿಯುತ್ತಿದ್ದೇನೆ. ಹೊಸಬರು ಮೊದಲು ಕೇಳುವುದು ಎಷ್ಟು ಹೊತ್ತು ಅಂತ. ಟಿಕೆಟ್‌ನಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ ಅಂತ ಇರುತ್ತದೆ. ಅದು ಇಲ್ಲಿ ಗೇಟ್ ಬಿಟ್ಟಲ್ಲಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ. ಆಕಾಶದಲ್ಲಿ ಇರುವುದು ಸುಮಾರು ಮುಕ್ಕಾಲು ಗಂಟೆ.

ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರಿನ ನಿಲ್ದಾಣವಿರುವ ಬಜ್ಪೆಗೆ ನೇರ ದೂರ 300 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಬೆಂಗಳೂರಿನಿಂದ ರಸ್ತೆಯಲ್ಲಿ ಶಿರಾಡಿ ಘಾಟಿ ಇಳಿದು ಹೋದರೆ ಸುಮಾರು 350. ಜೆಟ್ ಸಿಕ್ಕರೆ ಬೇಗ, ಪ್ರೊಪೆಲ್ಲರ್ ಇರುವ ಎಟಿಆರ್ ಸಿಕ್ಕರೆ ತುಂಬಾ ತಡ ಅಂತ ಹಲವರು ಹೇಳುತ್ತಾರೆ. ಇಷ್ಟು ಹತ್ತಿರದ ದಾರಿಯಲ್ಲಿ ಹಾಗೇನೂ ಆಗುವುದಿಲ್ಲ. ಜೆಟ್ ಮೇಲೇರಿ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ನನಗಂತೂ ಎಟಿಆರ್ ಇಷ್ಟ. ಅದರ ರೆಕ್ಕೆ ಕಿಟಕಿಗಿಂತ ಮೇಲಿದೆ. ಮೋಡ ಇಲ್ಲದ ದಿನ ಘಟ್ಟದ ಕಾಡು ಕಾಣುತ್ತದೆ, ಆಮೇಲೆ ಅಡಿಕೆ ತೋಟ, ಕೆಂಪು ಮಣ್ಣಿನ ಗುಡ್ಡ. ಆದರೆ ತಲೆ ಮೇಲಿನ ಲಗೇಜ್ ಜಾಗ ಚಿಕ್ಕದು. ಚಕ್ರದ ಸೂಟ್‌ಕೇಸ್ ತಂದರೆ ಹತ್ತುವಾಗ ತೆಗೆದುಕೊಂಡು ಲಗೇಜ್ ವಿಭಾಗಕ್ಕೆ ಹಾಕುತ್ತಾರೆ. ಹೆಗಲ ಬ್ಯಾಗೇ ಒಳ್ಳೆಯದು.

ಹೊತ್ತು ಹೋಗುವುದೆಲ್ಲ ನೆಲದ ಮೇಲೆ. ನಾನಿರುವುದು ಜಯನಗರದಲ್ಲಿ. ಸಂಜೆ ಹೆಬ್ಬಾಳ ದಾಟಿ ನಿಲ್ದಾಣ ಮುಟ್ಟುವಷ್ಟರಲ್ಲಿ ಎರಡು ಗಂಟೆ. ಅಲ್ಲಿ ತಪಾಸಣೆ, ಕಾಯುವುದು. ಆ ಕಡೆ ಇಳಿದ ಮೇಲೆ ಮತ್ತೆ ಟ್ಯಾಕ್ಸಿ. ಒಟ್ಟು ಐದು ಗಂಟೆ ಹಿಡಿಯಿರಿ. ರಾತ್ರಿ ಬಸ್ಸಿಗೆ ಏಳೆಂಟು ಗಂಟೆ ಬೇಕು, ರೈಲಿಗೆ ಇನ್ನೂ ಜಾಸ್ತಿ. ಬೆಳಗಿನ ಮೊದಲ ವಿಮಾನವಾದರೆ ರಸ್ತೆ ಖಾಲಿ, ಉಳಿತಾಯ ಚೆನ್ನಾಗಿ ಸಿಗುತ್ತದೆ.

ಮಳೆಗಾಲದ ಮಾತು ಬೇರೆ. ಬಜ್ಪೆಯ ರನ್‌ವೇ ಗುಡ್ಡದ ತುದಿಯಲ್ಲಿದೆ, ಕೊನೆ ದಾಟಿದರೆ ಕಣಿವೆ. 2010ರ ಮೇ 22ರಂದು ವಿಮಾನವೊಂದು ರನ್‌ವೇ ದಾಟಿ ಕಣಿವೆಗೆ ಬಿದ್ದು ಅಲ್ಲಿ 158 ಜನ ಪ್ರಾಣ ಬಿಟ್ಟರು. ಹಾಗಾಗಿ ಮೋಡ ಕೆಳಗಿಳಿದ ದಿನ ಪೈಲಟ್ ಸುತ್ತು ಹೊಡೆದರೆ, ಬೇರೆ ಊರಿಗೆ ತಿರುಗಿಸಿದರೆ ನನಗೆ ಬೇಸರವಿಲ್ಲ. ಹಾಗೇ ಮಾಡಬೇಕು. ನನ್ನ ತಕರಾರು ಬೇರೆ. ಒಮ್ಮೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನ ವಿಮಾನ ರದ್ದಾಯಿತು. ಅದನ್ನು ತಿಳಿಸಿದ್ದು ನಾವು ಗೇಟಿನ ಮುಂದೆ ಎರಡು ಗಂಟೆ ಕೂತ ಮೇಲೆ. ಮೊದಲೇ ಹೇಳಿದ್ದರೆ ಬಸ್ಸಾದರೂ ಸಿಗುತ್ತಿತ್ತು, ಅಲ್ವಾ? ಆದರೆ ಅದೇ ಮಳೆಗಾಲದಲ್ಲಿ ಘಟ್ಟದ ದಾರಿಯನ್ನೂ ನಂಬುವ ಹಾಗಿಲ್ಲ. 2018ರಲ್ಲಿ, 2024ರಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಗುಡ್ಡ ಕುಸಿದು ರೈಲು ನಿಂತೇ ಹೋಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ದಿನದ ಕೊನೆಯ ವಿಮಾನ ಬುಕ್ ಮಾಡಬೇಡಿ. ಅದು ರದ್ದಾದರೆ ಆ ದಿನ ಬೇರೆ ವಿಮಾನವಿಲ್ಲ.

ಇನ್ನೊಂದು ವಿಷಯ, ನಿಮ್ಮ ಮನೆ ಯಾವ ಕಡೆ ಅಂತ ನೋಡಿಕೊಳ್ಳಿ. ಕಟೀಲು, ಕಿನ್ನಿಗೋಳಿ, ಮೂಲ್ಕಿ ಕಡೆಯವರಿಗೆ ಬಜ್ಪೆ ಹತ್ತಿರ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪುತ್ತೂರು, ಉಪ್ಪಿನಂಗಡಿಯವರು ಸುಮ್ನೆ ರಾತ್ರಿ ಬಸ್ ಹತ್ತುವುದು ವಾಸಿ. ಬಸ್ಸು ಮಂಗಳೂರಿಗೆ ಮೊದಲೇ ಉಪ್ಪಿನಂಗಡಿ ಮುಟ್ಟುತ್ತದೆ. ವಿಮಾನದಲ್ಲಿ ಬಂದರೆ ಬಜ್ಪೆಯಿಂದ ಅಷ್ಟು ದೂರ ವಾಪಸ್ ಬರಬೇಕು.