ಐದೂವರೆ ವರ್ಷ ನನ್ನ ಜೊತೆ ಬೆಟ್ಟ ಹತ್ತಿದ 60ಎಕ್ಸ್ ಜೂಮ್ ಕ್ಯಾಮೆರಾ: ನನ್ನ ಅನುಭವ

ಮೊದಲೇ ಹೇಳ್ಬಿಡ್ತೀನಿ, ಬ್ರ್ಯಾಂಡ್ ಹೆಸರು ಹಾಕಲ್ಲ. ಈ ಜಾತಿ ಕ್ಯಾಮೆರಾಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ, ಹೆಸರು ಹಾಕಿದ್ರೆ ನಮ್ದು ಚೆನ್ನಾಗಿದೆ ನಿಮ್ದು ಡಬ್ಬ ಅಂತ ಜಗಳ ಶುರುವಾಗುತ್ತೆ ಅಷ್ಟೇ. ಲೆನ್ಸ್ ಬಿಚ್ಚಕ್ಕಾಗದ ಬ್ರಿಡ್ಜ್ ಕ್ಯಾಮೆರಾ, 24ರಿಂದ 1440 ಎಂಎಂವರೆಗೆ ಜೂಮ್ (60 ಪಟ್ಟು, ಅದಕ್ಕೇ 60ಎಕ್ಸ್), ಬ್ಯಾಟರಿ ಸೇರಿ ಮುಕ್ಕಾಲು ಕೆಜಿ ಒಳಗೆ. 2019ರ ದೀಪಾವಳಿ ಆಫರ್‌ನಲ್ಲಿ ತಗೊಂಡಿದ್ದು.

ಯಾಕ್ ತಗೊಂಡೆ ಅಂದ್ರೆ, ಅದಕ್ಕೆ ಮುಂಚೆ ನಾನು ಟೈಮ್ ನೋಡ್ಕೊಂಡು ಬೆಟ್ಟ ಹತ್ತೋ ಗಿರಾಕಿ. ಕುಕ್ಕೆಯಿಂದ ಕುಮಾರ ಪರ್ವತ ಎಷ್ಟು ಗಂಟೇಲಿ ಹತ್ತಿ ಇಳಿದೆ ಅನ್ನೋದೇ ದೊಡ್ಡ ವಿಷ್ಯ, ದಾರೀಲಿ ಏನ್ ನೋಡ್ದೆ ಅಂತ ಯಾರಾದ್ರೂ ಕೇಳಿದ್ರೆ ಮುಂದೆ ಹೋಗ್ತಿದ್ದವನ ಬ್ಯಾಗು ಅಂತ ಹೇಳ್ಬೇಕಿತ್ತು. ಒಂದ್ಸಲ ಗಿರಿಗದ್ದೆ ಭಟ್ಟರ ಮನೇಲಿ ಊಟ ಮುಗಿಸಿ ಕೂತಿದ್ದಾಗ ಮರದ ತುದೀಲಿ ಕೆಂದಳಿಲು ಕಾಣಿಸ್ತು, ಆ ಸೈಜಿನ ಅಳಿಲು ನಾನು ಅದುವರೆಗೆ ನೋಡೇ ಇರ್ಲಿಲ್ಲ, ಬಾಲನೇ ಒಂದು ಮೊಳ ಇತ್ತೇನೋ, ಮೊಬೈಲಲ್ಲಿ ಹತ್ತಾರು ಫೋಟೋ ಹೊಡ್ಕೊಂಡೆ. ಮನೆಗೆ ಬಂದು ಅಮ್ಮನಿಗೆ ತೋರಿಸಿದ್ರೆ, "ಎಲೆ ಒಣಗಿದೆ, ಅದನ್ಯಾಕೆ ಇಷ್ಟೊಂದ್ ತೆಗ್ದಿದೀಯಾ" ಅಂದ್ರು. ಮುಂದಿನ ತಿಂಗಳು ಕ್ಯಾಮೆರಾ ಆರ್ಡರ್ ಆಯ್ತು.

ಜೂಮ್ ವಿಷ್ಯದಲ್ಲಿ ಮಾತಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಇಷ್ಟು ದೂರದ್ದು ಹಿಡೀಬೇಕು ಅಂದ್ರೆ ಲೆನ್ಸ್ ಒಂದಕ್ಕೇ ಲಕ್ಷಗಟ್ಟಲೆ ಬೇಕು, ಹೊತ್ಕೊಂಡು ಹೋಗಕ್ಕೆ ಬೇರೆ ಒಬ್ಬ ಬೇಕು. ಬೆಳಗ್ಗೆ ಒಳ್ಳೆ ಬಿಸಿಲಿದ್ರೆ ಎದುರುಗಡೆ ಗುಡ್ಡದ ಮರದಲ್ಲಿ ಕೂತಿರೋ ಹದ್ದಿನ ಕಣ್ಣೂ ಕಾಣುತ್ತೆ. ಮಧ್ಯಾಹ್ನ ಆದ್ಮೇಲೆ ಮಾತ್ರ ಅಷ್ಟು ಜೂಮ್ ಮಾಡ್ಬೇಡಿ, ಬಿಸಿಗಾಳಿ ಎದ್ದು ಇಡೀ ಗುಡ್ಡ ಕಾದ ಕಾವಲಿ ಮೇಲಿಟ್ಟ ಹಾಗೆ ಅಲ್ಲಾಡುತ್ತೆ, ಅದು ಕ್ಯಾಮೆರಾ ತಪ್ಪಲ್ಲ, ಯಾವ ಲೆನ್ಸ್ ತಂದ್ರೂ ಅಷ್ಟೇ.

ತೊಂದ್ರೆ ಇರೋದು ಸೆನ್ಸರ್‌ನಲ್ಲಿ, ಅಂದ್ರೆ ಬೆಳಕು ಹಿಡಿದು ಫೋಟೋ ಮಾಡೋ ಚಿಪ್‌ನಲ್ಲಿ. 1/2.3 ಇಂಚು, ಅಂದ್ರೆ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ದುಬಾರಿ ಕ್ಯಾಮೆರಾಗಳಲ್ಲಿರೋ ಫುಲ್‌ಫ್ರೇಮ್ ಸೆನ್ಸರ್ ಇದರ ಸುಮಾರು 30 ಪಟ್ಟು ದೊಡ್ಡದು. ಜೊತೆಗೆ ಪೂರ್ತಿ ಜೂಮ್ ಮಾಡಿದ್ರೆ ಅಪರ್ಚರ್, ಅಂದ್ರೆ ಬೆಳಕು ಬರೋ ಕಿಂಡಿ, ಎಫ್/6.5ಗೆ ಹೋಗಿ ಕೂರುತ್ತೆ, ಒಳಗೆ ಬರೋ ಬೆಳಕೇ ಕಮ್ಮಿ. ಅಂಗಡೀಲಿ ಟ್ಯೂಬ್‌ಲೈಟ್ ಕೆಳಗೆ ನೋಡಿದಾಗ ಇದೆಲ್ಲ ಗೊತ್ತಾಗಲ್ಲ, ಬೆಟ್ಟದ ಸಂದಿಯ ದಟ್ಟ ಶೋಲಾ ಕಾಡೊಳಗೆ ಹೋದಾಗ ಗೊತ್ತಾಗುತ್ತೆ. ಕುದುರೆಮುಖ ಟ್ರೆಕ್‌ಗೆ ಹೋದಾಗ ಮುಳ್ಳೋಡಿ ಹೋಮ್‌ಸ್ಟೇ ಹಿಂದಿನ ಹಳ್ಳದಲ್ಲಿ ಇನ್ನೂ ಬೆಳಕು ಹರಿಯೋ ಮುಂಚೆ ಯಾರೋ ಹುಡುಗ ಕೆಲಸವಿಲ್ದೆ ಸೀಟಿ ಹೊಡೀತಿದಾನೆ ಅನ್ನೋ ತರ ಕೇಳಿಸ್ತು. ಹೋಗಿ ನೋಡಿದ್ರೆ ಹುಡುಗ ಅಲ್ಲ, ಸಿಳ್ಳಾರ, ಅದೇ ಮಲಬಾರ್ ವಿಸ್ಲಿಂಗ್ ಥ್ರಷ್. ಕಲ್ಲಿನ ಮೇಲೆ ಕೂತಿತ್ತು, ಕಪ್ಪು ಅನ್ಕೊಂಡಿದ್ದೆ, ಒಂಚೂರು ತಿರುಗಿದಾಗ ಭುಜದ ಹತ್ರ ನೀಲಿ ಮಿಂಚ್ತು. ಆ ನೀಲಿ ಹಿಡಿಯೋಣ ಅಂತ ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 1600ಕ್ಕೆ ಏರಿಸಿದ್ರೆ ಹಕ್ಕಿ ಮೇಲೆ ಯಾರೋ ರವೆ ಉದುರಿಸಿದ ಹಾಗೆ ಬಂತು. ಇವತ್ತಿಗೂ ನನ್ನ ಹತ್ರ ಸಿಳ್ಳಾರದ್ದು ಒಂದೂ ನೆಟ್ಟಗಿರೋ ಫೋಟೋ ಇಲ್ಲ. ಆದ್ರೆ ಅವತ್ತು ಅಲ್ಲೇ ಮುಕ್ಕಾಲು ಗಂಟೆ ಕೂತಿದ್ದೆ, ನಮ್ಮ ಗ್ಯಾಂಗ್ ಹೊರಟು ಹೋಗಿತ್ತು, ಕೊನೇಗೆ ಒಂಟಿ ಮರದ ಹತ್ರ ಓಡಿಹೋಗಿ ಸೇರ್ಕೊಂಡೆ, ಅಲ್ಲಿ ಸರಿಯಾಗಿ ಬೈಸ್ಕೊಂಡೆ ಕೂಡ.

ಫೋಕಸ್ ನಿಧಾನ, ಇದು ಎರಡನೇ ದೊಡ್ಡ ದೂರು. ಬಟನ್ ಒತ್ತೋಕೂ ಕ್ಲಿಕ್ ಆಗೋಕೂ ನಡುವೆ ಒಂದು ಗ್ಯಾಪ್ ಇದೆ, ಹಾರೋ ಹಕ್ಕಿ ಆಸೆ ಬಿಟ್ಬಿಡಿ. ಕಿಗ್ಗದಿಂದ ನರಸಿಂಹ ಪರ್ವತಕ್ಕೆ ಹೊರಟಿದ್ವಿ, ಮಳೆಗಾಲ ಮುಗೀತಾ ಬಂದಿತ್ತು, ದಾರೀಲಿ ಒಂದು ತೊರೆ. ಜೊತೆಗಿದ್ದ ಗೈಡು ಕಲ್ಲೊಂದರ ಕಡೆ ಕೈ ತೋರಿಸಿ "ಅಲ್ಲಿ ನೋಡಿ ಸಾರ್, ಕಾಲು ಬೀಸ್ತಾ ಉಂಟು" ಅಂದ. ನನಗೆ ಬರೀ ಕಲ್ಲೇ ಕಾಣ್ತಿತ್ತು. ಆಮೇಲೆ ಕಂಡ್ತು, ಹೆಬ್ಬೆರಳ ತುದಿಯಷ್ಟು ಕಪ್ಪೆ, ಕಲ್ಲಿನದೇ ಬಣ್ಣ, ಇದ್ದಕ್ಕಿದ್ದ ಹಾಗೆ ಹಿಂಗಾಲನ್ನ ಪಕ್ಕಕ್ಕೆ ಚಾಚಿ ಬೆರಳು ಬಿಡಿಸಿ ಮತ್ತೆ ಮಡಚ್ಕೊಳ್ತು. ಡ್ಯಾನ್ಸಿಂಗ್ ಫ್ರಾಗ್! ನೀರಿನ ಸದ್ದಲ್ಲಿ ಕೂಗಿದ್ರೂ ಕೇಳಿಸಲ್ಲ ಅಂತ ಗಂಡು ಕಪ್ಪೆಗಳು ಕಾಲು ಬೀಸಿ ಹೇಳ್ಬೇಕಾದ್ದು ಹೇಳ್ತವೆ, ಈ ಗುಂಪಿನ ಒಂದು ಜಾತಿಗೆ ನಮ್ಮ ಮಲೆನಾಡಿನ ಕೊಟ್ಟಿಗೆಹಾರ ಅನ್ನೋ ಊರಿನ ಹೆಸರೇ ಇದೆ. ಫುಲ್ ಜೂಮ್‌ನಲ್ಲಿ ಹತ್ತಿರದ್ದು ಫೋಕಸ್ ಆಗಲ್ಲ, ಅರ್ಧ ಜೂಮ್‌ಗೆ ತಂದು, ಒದ್ದೆ ಕಲ್ಲಿನ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿದೆ. ಕಾಲು ಎತ್ತಿದ ತಕ್ಷಣ ಒತ್ತಿದ್ರೆ ಫೋಟೋದಲ್ಲಿ ಕಾಲು ಇಳಿದಿರುತ್ತೆ. ಅದು ಕಾಲು ಎತ್ತೋಕೆ ಮುಂಚೆ ಮೈ ಒಂಚೂರು ಏಳುತ್ತೆ ಅಂತ ಸುಮಾರು ಹೊತ್ತು ನೋಡಿದ್ಮೇಲೆ ಗೊತ್ತಾಯ್ತು, ಅದನ್ನ ನೋಡಿ ಮುಂಚೇನೇ ಒತ್ತಕ್ಕೆ ಶುರು ಮಾಡ್ದೆ. 214 ಫೋಟೋದಲ್ಲಿ ಮೂರರಲ್ಲಿ ಕಾಲು ಬಂದಿದೆ. ಅಷ್ಟರಲ್ಲಿ ಒಂದು ಉಂಬಳ ಕ್ಯಾಮೆರಾ ಬೆಲ್ಟ್ ಹಿಡ್ಕೊಂಡು ಕಣ್ಣಿಡೋ ಜಾಗದ ರಬ್ಬರ್‌ಗೆ ಬಂದು ಕೂತಿತ್ತು, ಪುಣ್ಯಕ್ಕೆ ಕಣ್ಣಿಡೋ ಮೊದ್ಲು ನೋಡ್ದೆ. ಗೈಡು "ಹೀಗೆ ಮಲಗಿದ್ರೆ ತುದಿಗೆ ಹೋಗೋದು ಯಾವಾಗ ಮಾರಾಯ್ರೆ" ಅಂದ. ಅವತ್ತು ತುದಿಗೆ ಹೋಗ್ಲೇ ಇಲ್ಲ. ಬಸ್ಸಲ್ಲಿ ವಾಪಸ್ ಬರ್ತಾ ಅದ್ರ ಬಗ್ಗೆ ಬೇಜಾರೇ ಆಗ್ಲಿಲ್ಲ, ಆ ಮೂರು ಫೋಟೋನೇ ಮತ್ತೆ ಮತ್ತೆ ನೋಡ್ತಾ ಬ್ಯಾಟರಿ ಖಾಲಿ ಮಾಡ್ದೆ.

ಹಾಂ, ಬ್ಯಾಟರಿ. ನನಗೆ 250ರಿಂದ 300 ಫೋಟೋ ಬರುತ್ತೆ, ಚಳಿ ಇದ್ರೆ ಇನ್ನೂ ಕಮ್ಮಿ. ಎರಡು ಎಕ್ಸ್‌ಟ್ರಾ ಇಟ್ಕೊಳ್ಳಿ. ಅಗ್ಗದ ಡೂಪ್ಲಿಕೇಟ್ ತಗೊಂಡಿದ್ದೆ, ಉಬ್ಬಿ ಒಳಗೇ ಸಿಕ್ಕಾಕೊಂಡು ಇಕ್ಕಳ ಹಾಕಿ ಎಳೀಬೇಕಾಯ್ತು.

ಈಗ ಫಂಗಸ್ ಕಥೆ, ಇದನ್ನ ಸರಿಯಾಗಿ ಓದ್ಕೊಳ್ಳಿ. 2020ರಲ್ಲಿ ಲಾಕ್‌ಡೌನ್ ಅಂತ ಕ್ಯಾಮೆರಾನ ಅದರ ಬ್ಯಾಗಲ್ಲೇ ಬೀರು ಮೇಲಿಟ್ಟೆ. ಬ್ಯಾಗು ಹಿಂದಿನ ಟ್ರೆಕ್‌ನಲ್ಲಿ ನೆನೆದಿತ್ತು, ಒಳಗಿನ ಸ್ಪಂಜು ಒಣಗಿತ್ತೋ ಇಲ್ವೋ ನೋಡ್ಲೇ ಇಲ್ಲ. ಏಳು ತಿಂಗಳಾದ್ಮೇಲೆ ತೆಗೆದ್ರೆ ಲೆನ್ಸ್ ಒಳಗೆ ಜೇಡರ ಬಲೆ ತರ ಬೆಳ್ಳಗೆ. ಸರ್ವೀಸ್ ಸೆಂಟರ್‌ನವ್ರು ಇಡೀ ಲೆನ್ಸ್ ಯುನಿಟ್ಟೇ ಬದಲಾಯಿಸ್ಬೇಕು ಅಂತ ಕ್ಯಾಮೆರಾದ ಅರ್ಧ ರೇಟು ಹೇಳಿದ್ರು. ಕೊನೇಗೆ ಹಳೇ ಕ್ಯಾಮೆರಾ ರಿಪೇರಿ ಮಾಡೋ ಒಬ್ರು ಬಿಚ್ಚಿ ಕ್ಲೀನ್ ಮಾಡಿಕೊಟ್ರು, 2,500 ಆಯ್ತು, ಮೂಲೇಲಿ ಒಂದು ಚುಕ್ಕೆ ಇನ್ನೂ ಇದೆ. ಅವತ್ತಿಂದ ಕ್ಯಾಮೆರಾ ವಾಸ ಅಮ್ಮನ ಚಕ್ಲಿ ಡಬ್ಬದಲ್ಲಿ, ಮುಚ್ಚಳಕ್ಕೆ ರಬ್ಬರ್ ರಿಂಗ್ ಇರೋದು, ಒಳಗೆ ಸಿಲಿಕಾ ಜೆಲ್ ಮತ್ತೆ ತೇವ ತೋರಿಸೋ ಪುಟ್ಟ ಮೀಟರು. 40ರಿಂದ 50 ಪರ್ಸೆಂಟ್ ಒಳಗಿದ್ರೆ ನೆಮ್ಮದಿ. ಡ್ರೈ ಕ್ಯಾಬಿನೆಟ್ (ತೇವ ತಾನೇ ಕಮ್ಮಿ ಮಾಡೋ ಪೆಟ್ಟಿಗೆ) ತಗೊಳ್ಳೋ ದುಡ್ಡಿದ್ರೆ ತಗೊಳ್ಳಿ, ಚಕ್ಲಿ ಡಬ್ಬನೂ ಸಾಕು. ಅಮ್ಮ ಮಾತ್ರ ಇನ್ನೂ ಡಬ್ಬ ಕೇಳ್ತಾನೇ ಇದಾರೆ.

2022ರ ಸೆಪ್ಟೆಂಬರ್‌ನಲ್ಲಿ ಮುಳ್ಳಯ್ಯನಗಿರಿ ಕಡೆ 12 ವರ್ಷಕ್ಕೊಮ್ಮೆ ಅರಳೋ ನೀಲಕುರಿಂಜಿ ಬಂದಾಗ ಮಾತ್ರ ಈ 60ಎಕ್ಸ್ ಯಾವ ಕೆಲಸಕ್ಕೂ ಬರ್ಲಿಲ್ಲ. ಗುಡ್ಡಕ್ಕೆ ಗುಡ್ಡವೇ ನೀಲಿ ಇದ್ದಾಗ ಜೂಮ್ ಮಾಡಿ ಏನ್ ಮಾಡ್ತೀರಾ. ಸೆಲ್ಫಿಗೆ ಅಂತ ಹೂವಿನ ಮಧ್ಯ ತುಳ್ಕೊಂಡು ಹೋಗೋರು, ಕಿತ್ತು ಕಿವೀಗಿಟ್ಕೊಳ್ಳೋರು, ಅದನ್ನೆಲ್ಲ ನೋಡಿ ಹೊಟ್ಟೆ ಉರೀತು. ನಾನು ರಸ್ತೆ ಪಕ್ಕದಲ್ಲೇ ಕೂತು ಮ್ಯಾಕ್ರೋ ಮೋಡ್‌ನಲ್ಲಿ ಹೂವೊಳಗೆ ತಲೆ ತೂರಿಸಿದ್ದ ಜೇನುನೊಣ ತೆಗೆದೆ. ವೈಡ್‌ನಲ್ಲಿ, ಅಂದ್ರೆ ಜೂಮ್ ಮಾಡದೆ ಇದ್ದಾಗ, ಈ ಕ್ಯಾಮೆರಾ ಒಂದು ಸೆಂಟಿಮೀಟರ್ ಹತ್ರ ಹೋದ್ರೂ ಫೋಕಸ್ ಮಾಡುತ್ತೆ, ಇಂಥ ಜೂಮ್ ಕ್ಯಾಮೆರಾದಲ್ಲಿ ಇದನ್ನ ಯಾರೂ ಹೇಳಲ್ಲ, ನನಗಂತೂ ಜೂಮ್‌ಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ತಗೋಬಹುದಾ ಅಂತ ಕೇಳಿದ್ರೆ, ಟ್ರೆಕ್ ಹೋಗ್ತಾ ನಿಂತು ನೋಡೋ ಚಟ ಈಗಷ್ಟೇ ಹತ್ತಿದೆ, ಇದು ಉಳಿಯುತ್ತೋ ಇಲ್ವೋ ಗೊತ್ತಿಲ್ಲ ಅನ್ನೋರು ಧಾರಾಳವಾಗಿ ತಗೊಳ್ಳಿ. ಮದುವೆ, ಮುಂಜಿ, ರಾತ್ರಿ ಫೋಟೋಗೆ ಅಂದ್ರೆ ಮೊಬೈಲೇ ವಾಸಿ. ಹೊಸದು ಸಿಗೋದು ಈಗ ಕಷ್ಟ, ಸೆಕೆಂಡ್‌ಹ್ಯಾಂಡ್ ನೋಡೋರು ಪೂರ್ತಿ ಜೂಮ್ ಹೊರಗೆ ಬಿಟ್ಟು ವಾಪಸ್ ಎಳೀರಿ, ಕರ್ ಕರ್ ಅಂದ್ರೆ ಒಳಗೆ ಧೂಳು ಸೇರಿದೆ ಅಂತ ಅರ್ಥ. ಆಮೇಲೆ ಲೆನ್ಸ್‌ಗೆ ಓರೆಯಾಗಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬೆಳ್ಳಗೆ ಬಲೆ ಏನಾದ್ರೂ ಕಂಡ್ರೆ, ಮಾರೋರು ಎಷ್ಟೇ ಕಮ್ಮಿ ಮಾಡಿದ್ರೂ ಕೆಳಗಿಟ್ಟು ಎದ್ದು ಬನ್ನಿ.